ಕಸ ವರ್ಗಾವಣೆ ಕೇಂದ್ರದ ವಿಸ್ತರಣೆ ಮತ್ತು ನೆರೆಹೊರೆಯ ಗಾಳಿ: ಅಳತೆಗೋಲಿನ ಪ್ರಶ್ನೆ

ಹಲವು ಸಣ್ಣ ವಾಹನಗಳ ಕಸವನ್ನು ಒಂದು ದೊಡ್ಡ ಟ್ರೈಲರಿಗೆ ತುಂಬಿದರೆ ದೂರದ ಓಡಾಟ ತಗ್ಗುತ್ತದೆ, ನಗರದ ಒಟ್ಟು ಹೊಗೆಯೂ ಇಳಿಯುತ್ತದೆ. ವರ್ಗಾವಣೆ ಕೇಂದ್ರಗಳ ಪರವಾದ ಈ ವಾದದಲ್ಲಿ ತಕರಾರಿಲ್ಲ. ಆದರೆ ಇದೇ ಲೆಕ್ಕ ಹಿಡಿದು, ಕೇಂದ್ರವನ್ನು ಹಿಗ್ಗಿಸಿದರೂ ಸುತ್ತಲಿನ ಗಾಳಿ ಕೆಡುವುದಿಲ್ಲ ಎನ್ನುವ ತೀರ್ಮಾನವನ್ನು ಪ್ರಸ್ತುತ ಲೇಖನ ಒಪ್ಪುವುದಿಲ್ಲ. ಉಳಿತಾಯ ಇಡೀ ಹೆದ್ದಾರಿಗೆ ಹಂಚಿಹೋಗುತ್ತದೆ. ಹೆಚ್ಚುವರಿ ಹೊಗೆ ಕೇಂದ್ರಕ್ಕೆ ಹೋಗುವ ಒಂದೆರಡು ಬೀದಿಗಳ ಪಾಲಾಗುತ್ತದೆ.

ಫ್ರೆಶ್ ಕಿಲ್ಸ್ ಕಸದ ಗುಡ್ಡವನ್ನು ಮುಚ್ಚುವ 1996ರ ನಿರ್ಧಾರದ ಬಳಿಕ ನ್ಯೂಯಾರ್ಕ್ ನಗರ ಖಾಸಗಿ ವರ್ಗಾವಣೆ ಕೇಂದ್ರಗಳನ್ನು ಹೆಚ್ಚಾಗಿ ಅವಲಂಬಿಸಿತು. ಅವುಗಳ ದೊಡ್ಡ ಪಾಲು ಹೊತ್ತ ಬಡಾವಣೆಗಳಲ್ಲಿ ದಕ್ಷಿಣ ಬ್ರಾಂಕ್ಸ್ ಒಂದು. ಅಲ್ಲಿನ ಹಂಟ್ಸ್ ಪಾಯಿಂಟ್ ಕುರಿತ ಲೀನಾ ಮತ್ತು ಸಂಗಡಿಗರ ಅಧ್ಯಯನ (2002) ಡೀಸೆಲ್ ಮಸಿಯ ಗುರುತಾದ ಧಾತುರೂಪದ ಇಂಗಾಲವನ್ನು ಅಳೆಯಿತು. ಹೋಲಿಕೆಗೆಂದು ಆಯ್ದ ಸ್ಥಳದಲ್ಲಿ ಅದರ ಸರಾಸರಿ ಘನ ಮೀಟರಿಗೆ 2.6 ಮೈಕ್ರೊಗ್ರಾಂ, ಟ್ರಕ್ ಮಾರ್ಗದ ಬದಿಯಲ್ಲಿ 7.3. ಈ ವ್ಯತ್ಯಾಸ ದೊಡ್ಡ ಟ್ರಕ್ಕುಗಳ ಎಣಿಕೆಗೆ ಹೊಂದಿಕೊಂಡಿತ್ತು.

ವಿವಾದ ಇರುವುದು ಇಲ್ಲಿ. ಪರಿಣಾಮ ಅಂದಾಜಿನ ವರದಿಗಳು ಸಾಮಾನ್ಯವಾಗಿ ಪಿಎಂ 2.5ರ, ಅಂದರೆ ಗಾಳಿಯಲ್ಲಿನ ಸೂಕ್ಷ್ಮ ಕಣಗಳ, ಒಟ್ಟು ತೂಕವನ್ನೇ ನೆಚ್ಚುತ್ತವೆ. ಆ ತೂಕದ ಬಹುಪಾಲು ದೂರದ ಮೂಲಗಳಿಂದ ಬಂದದ್ದಾಗಿರಬಹುದು. ಬೀದಿಯ ಮಸಿ ಮೂರು ಪಟ್ಟಾದರೂ ಒಟ್ಟು ಅಂಕಿ ಅಷ್ಟಾಗಿ ಕದಲುವುದಿಲ್ಲ. ಸ್ಪೈರಾ-ಕೋಹೆನ್ ಮತ್ತು ಸಂಗಡಿಗರು (2011) ಬ್ರಾಂಕ್ಸಿನ ನಾಲ್ಕು ಶಾಲೆಗಳ, ಅಸ್ತಮಾ ಇರುವ 40 ಮಕ್ಕಳು ಉಸಿರಾಡಿದ ಗಾಳಿಯನ್ನೇ ಅಳೆದರು. ಉಬ್ಬಸ, ಏದುಸಿರುಗಳೊಂದಿಗೆ ಹೆಚ್ಚು ಸ್ಥಿರವಾದ ನಂಟು ಕಂಡದ್ದು ಪಿಎಂ 2.5ರ ತೂಕಕ್ಕಲ್ಲ, ಧಾತುರೂಪದ ಇಂಗಾಲಕ್ಕೆ. ಹಾಗಾದರೆ ‘ಪಿಎಂ 2.5 ಏರಲಿಲ್ಲ’ ಎಂಬುದು ‘ಹಾನಿಯಿಲ್ಲ’ ಎಂಬುದಕ್ಕೆ ಪುರಾವೆಯಾಗದು.

ಈ ವಾದಕ್ಕೆ ಮಿತಿಗಳಿವೆ. ಹಂಟ್ಸ್ ಪಾಯಿಂಟಿನಲ್ಲಿ ಬೃಹತ್ ಆಹಾರ ಸಗಟು ಮಾರುಕಟ್ಟೆಯೂ ಇರುವುದರಿಂದ ಮಸಿಯೆಲ್ಲವೂ ಕಸದ ಲಾರಿಗಳದೆನ್ನಲಾಗದು. 40 ಮಕ್ಕಳ ಮಾದರಿ ಚಿಕ್ಕದು. ಅದು ನಂಟನ್ನು ತೋರಿಸುತ್ತದೆ, ಕಾರಣವನ್ನು ಸಾಧಿಸುವುದಿಲ್ಲ. ಅಲ್ಲದೆ 2007ರ ನಂತರದ ಅಮೆರಿಕದ ಡೀಸೆಲ್ ಎಂಜಿನ್‌ಗಳು ಮಸಿ ಸೋಸುವ ಫಿಲ್ಟರ್ ಹೊಂದಿರುವುದರಿಂದ ಹಳೆಯ ಅಂಕಿಗಳನ್ನು ಇಂದಿಗೆ ನೇರವಾಗಿ ಅನ್ವಯಿಸಲಾಗದು. ಆದರೆ ಈ ಮಿತಿಗಳು ಹಾನಿಯ ಪ್ರಮಾಣವನ್ನು ಪ್ರಶ್ನಿಸುತ್ತವೆಯೇ ಹೊರತು ಅಳತೆಗೋಲಿನ ದೋಷವನ್ನು ಮುಚ್ಚುವುದಿಲ್ಲ.

ಭಾರತದ 2009ರ ಗಾಳಿ ಗುಣಮಟ್ಟದ ಮಾನದಂಡ ಹೆಸರಿಸುವ 12 ಮಾಲಿನ್ಯಕಾರಕಗಳಲ್ಲೂ ಧಾತುರೂಪದ ಇಂಗಾಲವಿಲ್ಲ. ಆಟೋ ಟಿಪ್ಪರ್‌ನಿಂದ ಕಾಂಪ್ಯಾಕ್ಟರಿಗೆ ಕಸ ಸಾಗಿಸುವ ಬೆಂಗಳೂರಿನಂಥ ನಗರಕ್ಕೂ ಈ ಕೊರತೆ ಅನ್ವಯಿಸುತ್ತದೆ. ಕಸದ ಲಾರಿಗಳ ಪಾಲನ್ನು ಇತರ ಡೀಸೆಲ್ ವಾಹನಗಳಿಂದ ಬೇರ್ಪಡಿಸಿ ತೋರಿಸುವ ಕೆಲಸ ಇನ್ನೂ ಬಾಕಿಯಿದೆ. ಅಲ್ಲಿಯವರೆಗೆ, ವಿಸ್ತರಣೆಗೆ ಮುನ್ನ ಮತ್ತು ನಂತರ ಲಾರಿ ಸಾಗುವ ಬೀದಿಯಲ್ಲೇ ಮಸಿಯನ್ನು ಅಳೆಯದ ಯಾವ ವರದಿಯನ್ನೂ ಪೂರ್ಣವೆಂದು ಒಪ್ಪಬಾರದು.