ನೋಡದೆ ಬರೆಯುವ ವಿದ್ಯೆ

ಹೈಸ್ಕೂಲು ಮುಗಿಸಿದ ಹುಡುಗರನ್ನು ಹಿರಿಯರು ಬೆರಳಚ್ಚು ಕಲಿಯಲು ಅಟ್ಟುತ್ತಿದ್ದ ಕಾಲವೊಂದಿತ್ತು. ನಾನೂ ಹಾಗೆ ಹೋದವನೇ. ನಮ್ಮೂರ ಪೇಟೆಬೀದಿಯ ಮಹಡಿಯೊಂದರಲ್ಲಿ ಹತ್ತಾರು ಯಂತ್ರಗಳು ಒಟ್ಟಿಗೆ ಸದ್ದು ಮಾಡುತ್ತಿದ್ದವು. ಮೇಷ್ಟರು ಹಿಂದಿನಿಂದ ಬಂದು ನನ್ನ ಎರಡೂ ಕೈಗಳ ಮೇಲೆ ಒಂದು ಟವಲನ್ನು ಹೊದಿಸಿ, “ಕೀಲಿ ನೋಡಬೇಡಪ್ಪ, ಪುಸ್ತಕ ನೋಡು” ಎನ್ನುತ್ತಿದ್ದರು. ನನಗದು ಶಿಕ್ಷೆಯಂತೆ ತೋರಿತು. ಮೂರು ತಿಂಗಳಿಗೇ ಬಿಟ್ಟುಬಿಟ್ಟೆ. ಆ ಟವಲಿನ ಹಿಂದೆ ಒಂದು ಚರಿತ್ರೆಯೇ ಇದೆಯೆಂಬುದು ನನಗೆ ತಿಳಿದದ್ದು ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ.

ಆ ಚರಿತ್ರೆ ಅಮೆರಿಕದಲ್ಲಿ ಮೊದಲಾಗುತ್ತದೆ. ಮಿಲ್ವಾಕಿ ನಗರದ ಕ್ರಿಸ್ಟೋಫರ್ ಲ್ಯಾಥಮ್ ಶೋಲ್ಸ್ ಪತ್ರಿಕೆ ಮತ್ತು ಮುದ್ರಣದ ಕಸುಬಿನವನು. ಅವನೂ ಅವನ ಇಬ್ಬರು ಸಂಗಡಿಗರೂ 1868ರಲ್ಲಿ ಬರೆಯುವ ಯಂತ್ರವೊಂದಕ್ಕೆ ಪೇಟೆಂಟ್ ಪಡೆದರು. ಬಂದೂಕುಗಳನ್ನು ತಯಾರಿಸುತ್ತಿದ್ದ ರೆಮಿಂಗ್ಟನ್ ಕಂಪನಿ ಅದನ್ನು ಕೈಗೆತ್ತಿಕೊಂಡು 1874ರಲ್ಲಿ ಮಾರುಕಟ್ಟೆಗೆ ತಂದಿತು. ಆ ಯಂತ್ರದಲ್ಲೊಂದು ವಿಚಿತ್ರವಿತ್ತು. ಅಚ್ಚಿನ ಮೊಳೆಗಳು ಕಾಗದವನ್ನು ಕೆಳಗಿನಿಂದ ಬಡಿಯುತ್ತಿದ್ದುದರಿಂದ, ಬರೆದ ಸಾಲು ಬರೆಯುವವನಿಗೆ ಆಗಲೇ ಕಾಣುತ್ತಿರಲಿಲ್ಲ. ಇನ್ನೂ ಕೆಲವು ಸಾಲುಗಳು ಆದಮೇಲೆಯೇ ಅದು ಮೇಲೆದ್ದು ಕಾಣಬೇಕು. ಹೀಗೆ ಕಾಗದದ ಮೇಲೆ ಕೆಲಸವಿಲ್ಲದ ಕಣ್ಣನ್ನು ಜನ ಕೀಲಿಗಳ ಕಡೆಗೆ ತಿರುಗಿಸಿದರು. ಎರಡೋ ನಾಲ್ಕೋ ಬೆರಳುಗಳಿಂದ ಅಕ್ಷರವನ್ನು ಹುಡುಕಿ ಒತ್ತುವುದೇ ರೂಢಿಯಾಯಿತು.

ಈ ರೂಢಿಯನ್ನು ಮೊದಲು ಪ್ರಶ್ನಿಸಿದವರಲ್ಲಿ ಒಬ್ಬ ಮಹಿಳೆಯ ಹೆಸರು ಮುಖ್ಯವಾದುದು. ಸಿನ್ಸಿನಾಟಿ ನಗರದಲ್ಲಿ ಶೀಘ್ರಲಿಪಿ ಮತ್ತು ಬೆರಳಚ್ಚಿನ ಶಾಲೆ ನಡೆಸುತ್ತಿದ್ದ ಶ್ರೀಮತಿ ಲಾಂಗ್ಲಿ, 1882ರಲ್ಲಿ ಪ್ರಕಟಿಸಿದ ಪಾಠಗಳಲ್ಲಿ ಎಲ್ಲ ಬೆರಳುಗಳಿಗೂ ಕೆಲಸ ಹಂಚಿಕೊಟ್ಟರು. ಇಂದು ನಮಗೆ ಸಹಜವೆನಿಸುವ ಈ ಮಾತು ಅಂದು ವಿವಾದಕ್ಕೆ ಒಳಗಾಯಿತು. ವಾದ್ಯ ನುಡಿಸಿ ಪಳಗದ ಉಂಗುರದ ಬೆರಳಿನಿಂದ ಇಂಥ ಕೆಲಸ ಆಗದು, ಮೊದಲೆರಡು ಬೆರಳುಗಳೇ ಸಾಕು ಎಂಬ ಆಕ್ಷೇಪವನ್ನು 1887ರಲ್ಲಿ ಶೀಘ್ರಲಿಪಿಕಾರರ ಪತ್ರಿಕೆಯೊಂದು ಪ್ರಕಟಿಸಿತು.

ಆಕ್ಷೇಪಕ್ಕೆ ಉತ್ತರವಾಗಿ ಬಂದವನು ಸಾಲ್ಟ್ ಲೇಕ್ ಸಿಟಿಯ ನ್ಯಾಯಾಲಯದ ಶೀಘ್ರಲಿಪಿಕಾರ ಫ್ರ್ಯಾಂಕ್ ಮೆಗರಿನ್. ಅವನು ಈ ವಿದ್ಯೆ ಕಲಿತ ಬಗೆಯನ್ನು ಕುರಿತು ಒಂದು ಕಥೆಯಿದೆ. ತರುಣನಾಗಿದ್ದಾಗ ಅವನು ಒಬ್ಬ ವಕೀಲರ ಕಚೇರಿಯಲ್ಲಿದ್ದನಂತೆ. ಕಿಟಕಿಯಾಚೆ ನೋಡುತ್ತಲೇ ಬೆರಳಚ್ಚು ಮಾಡುವ ಹುಡುಗಿಯೊಬ್ಬಳನ್ನು ತಾನು ಕಂಡುದಾಗಿ ಆ ವಕೀಲರು ಅವನನ್ನು ಕೆಣಕಿದರಂತೆ. ಹುಡುಗಿಗೆ ಆಗುವುದು ನನಗೇಕೆ ಆಗದು ಎಂದು ಅವನು ಹಟ ಹಿಡಿದು ಸಾಧಿಸಿದ. ಅಂಥ ಹುಡುಗಿ ಇರಲೇ ಇಲ್ಲ, ಆ ಮಾತು ಬರಿಯ ಕಟ್ಟುಕತೆ ಎಂಬುದು ಆಮೇಲೆ ತಿಳಿಯಿತಂತೆ! ಕಥೆ ನಿಜವೋ ಅಲ್ಲವೋ, ಸಾಧನೆ ಮಾತ್ರ ನಿಜ.

1888ರ ಜುಲೈ 25ರಂದು, ಲಾಂಗ್ಲಿಯವರ ಅದೇ ಸಿನ್ಸಿನಾಟಿಯಲ್ಲಿ, ಮೆಗರಿನ್ನನಿಗೂ ಲೂಯಿ ಟ್ರಾಬ್ ಎಂಬುವನಿಗೂ ಸ್ಪರ್ಧೆ ಏರ್ಪಟ್ಟಿತು. ಪಣ 500 ಡಾಲರು. ಟ್ರಾಬನದು ಕ್ಯಾಲಿಗ್ರಾಫ್ ಯಂತ್ರ. ದೊಡ್ಡಕ್ಷರ, ಚಿಕ್ಕಕ್ಷರಗಳಿಗೆ ಬೇರೆಬೇರೆ ಕೀಲಿಗಳು, ಒಟ್ಟು 72. ಅವನು ಕೀಲಿಗಳನ್ನು ನೋಡಿಕೊಂಡು ಒತ್ತುವವನು. ಮೆಗರಿನ್ನನದು ರೆಮಿಂಗ್ಟನ್, ಒಂದೇ ಕೀಲಿಯಿಂದ ಎರಡು ಬಗೆಯ ಅಕ್ಷರವನ್ನೂ ಪಡೆಯುವ ಏರ್ಪಾಡಿನದು. ಕೀಲಿಗಳ ನೆಲೆಯೆಲ್ಲ ಅವನ ಬೆರಳುಗಳಿಗೆ ಕಂಠಪಾಠ. ಮೊದಲು ಹೇಳಿಸಿದ್ದನ್ನು ಬರೆಯುವ ಪರೀಕ್ಷೆ, ಬಳಿಕ ಹಾಳೆ ನೋಡಿ ನಕಲು ಮಾಡುವ ಪರೀಕ್ಷೆ. ಎರಡರಲ್ಲೂ ಮೆಗರಿನ್ ಗೆದ್ದ. ನಿಮಿಷಕ್ಕೆ 90 ಪದಗಳನ್ನು ಮೀರಿದ.

ಈ ಗೆಲುವಿನಲ್ಲಿ ನನಗೆ ಮುಖ್ಯವೆನಿಸುವ ಅಂಶ ಬೇರೆಯೇ ಇದೆ. ನಕಲು ಮಾಡುವಾಗ ಟ್ರಾಬನ ವೇಗ ಇಳಿಯಿತು, ಮೆಗರಿನ್ನನದು ಏರಿತು. ಕಾರಣ ಸರಳ. ಟ್ರಾಬನ ಕಣ್ಣು ಹಾಳೆಯಿಂದ ಕೀಲಿಗೆ, ಕೀಲಿಯಿಂದ ಹಾಳೆಗೆ ಅಲೆಯಬೇಕಾಗಿತ್ತು. ಹಿಂದಿರುಗಿದಾಗಲೆಲ್ಲ ಬಿಟ್ಟ ಜಾಗವನ್ನು ಹುಡುಕಬೇಕಾಗಿತ್ತು. ಮೆಗರಿನ್ನನ ಕಣ್ಣು ಹಾಳೆಯಲ್ಲೇ ನೆಲೆಸಿ, ಬೆರಳಿಗಿಂತ ಒಂದೆರಡು ಪದ ಮುಂದೆ ಸಾಗುತ್ತಿತ್ತು. ವೇಗ ಹುಟ್ಟಿದ್ದು ಬೆರಳಿನ ಚುರುಕಿನಿಂದ ಮಾತ್ರವಲ್ಲ, ಕಣ್ಣಿನ ಅಲೆದಾಟ ನಿಂತದ್ದರಿಂದ.

ಆದರೆ ಲೋಕ ಕೊಂಡಾಡಿದ್ದು ಯಾರನ್ನು? ಮೆಗರಿನ್ನನಿಗೆ ಕೀರ್ತಿ ಬಂತು. ರೆಮಿಂಗ್ಟನ್ ಯಂತ್ರಕ್ಕೂ ಬಂತು. ಇಬ್ಬರ ಯಂತ್ರವೂ ಬೇರೆ, ವಿಧಾನವೂ ಬೇರೆ. ಗೆದ್ದದ್ದು ಯಾವುದೆಂದು ಆ ಒಂದು ಸ್ಪರ್ಧೆಯಿಂದ ತೀರ್ಮಾನಿಸುವುದು ಸಾಧ್ಯವೇ ಇರಲಿಲ್ಲ. ಆದರೂ ಆ ಕೀಲಿಮಣೆಯ ಪ್ರತಿಷ್ಠೆ ಬೆಳೆಯಿತು. 1936ರಲ್ಲಿ ಆಗಸ್ಟ್ ಡ್ವೊರಾಕ್ ಬೇರೊಂದು ವಿನ್ಯಾಸಕ್ಕೆ ಪೇಟೆಂಟ್ ಪಡೆದಾಗ, ಹಳೆಯದನ್ನು ಕದಲಿಸಲು ಅವನಿಂದ ಆಗಲಿಲ್ಲ. ಅಷ್ಟರಲ್ಲಿ ಲಕ್ಷಾಂತರ ಬೆರಳುಗಳು ಹಳೆಯದನ್ನೇ ಕಲಿತುಬಿಟ್ಟಿದ್ದವು. ವಿಧಾನವನ್ನು ಆರು ವರ್ಷ ಮೊದಲೇ ಅದೇ ಊರಿನಲ್ಲಿ ಕಲಿಸಿದ್ದ ಲಾಂಗ್ಲಿಯವರ ಹೆಸರು ಮಾತ್ರ ಅಡಿಟಿಪ್ಪಣಿಗಳಿಗೆ ಸರಿಯಿತು. ಉಪಕರಣವನ್ನು ನೆನೆದು ಉಪಾಧ್ಯಾಯರನ್ನು ಮರೆಯುವುದು ಚರಿತ್ರೆಯಲ್ಲಿ ಹೊಸತೇನಲ್ಲ.

ಇನ್ನು ನಮ್ಮ ನುಡಿಯ ಕಡೆಗೆ ಬರೋಣ. ಒತ್ತಕ್ಷರ, ಕಾಗುಣಿತಗಳ ಕನ್ನಡವನ್ನು ಕೆಲವೇ ಕೀಲಿಗಳಲ್ಲಿ ಅಳವಡಿಸುವುದು ಸುಲಭದ ಮಾತಲ್ಲ. ಗಣಕಯಂತ್ರದ ಕಾಲದಲ್ಲಿ ಕಿನ್ನಿಕಂಬಳ ಪದ್ಮನಾಭ ರಾಯರು, ಎಂದರೆ ಕೆ. ಪಿ. ರಾವ್ ಅವರು, ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ಅವರ ವಿನ್ಯಾಸದಲ್ಲಿ ‘ಅಮ್ಮ’ ಎಂದು ಬರೆಯಲು ನಾಲ್ಕು ಒತ್ತು ಸಾಕು: ಅ, ಮ, ನಡುವೆ ಅಕ್ಷರಗಳನ್ನು ಬೆಸೆಯುವ ಕೊಂಡಿ, ಮತ್ತೆ ಮ. ಆ ಕೊಂಡಿಯಿರುವುದು ಇಂಗ್ಲಿಷಿನ ಎಫ್ ಕೀಲಿಯಲ್ಲಿ. ಎಡಗೈಯ ತೋರುಬೆರಳಿನ ಮನೆಯೇ ಅದು; ನೋಡದೆ ಗುರುತಿಸಲೆಂದು ಅದರ ಮೇಲೊಂದು ಸಣ್ಣ ಉಬ್ಬು ಗೆರೆಯೂ ಇರುತ್ತದೆ.

ನಿವೃತ್ತಿಯ ನಂತರ ನನ್ನ ಹಳೆಯ ಟಿಪ್ಪಣಿಗಳನ್ನು ಗಣಕಕ್ಕೆ ಇಳಿಸಲು ಕುಳಿತಾಗ, ನಾನು ಎರಡು ಬೆರಳಿನ ಟ್ರಾಬನೇ ಆಗಿದ್ದೆ. ನಿಧಾನವಾದರೆ ಸಹಿಸಬಹುದಾಗಿತ್ತು. ಒಂದು ಅಕ್ಷರವನ್ನು ಹುಡುಕುವಷ್ಟರಲ್ಲಿ ಮನಸ್ಸಿನಲ್ಲಿ ಮೂಡಿದ್ದ ವಾಕ್ಯವೇ ಜಾರಿಹೋಗುತ್ತಿತ್ತಲ್ಲ, ಅದನ್ನು ಸಹಿಸಲಾಗಲಿಲ್ಲ. ಮತ್ತೆ ಮೊದಲ ಪಾಠದಿಂದ ಹಿಡಿದೆ. ವೇಗದ ಗೊಡವೆಗೆ ಹೋಗದೆ, ದಿನಕ್ಕೆ ಅರ್ಧ ಗಂಟೆ, ತಪ್ಪಿಲ್ಲದಂತೆ ಒತ್ತುವುದನ್ನಷ್ಟೇ ಅಭ್ಯಾಸ ಮಾಡಿದೆ. ಕೆಲವು ತಿಂಗಳಲ್ಲಿ ಬೆರಳು ಬಿಡಿ ಅಕ್ಷರವನ್ನು ಬಿಟ್ಟು ಇಡೀ ಪದವನ್ನೇ ಹಿಡಿಯತೊಡಗಿತು. ಈಗಲೂ ನಾನು ವೇಗದ ಬೆರಳಚ್ಚುಗಾರನಲ್ಲ; ಆದರೆ ನನ್ನ ವಾಕ್ಯ ಈಗ ಅರ್ಧ ದಾರಿಯಲ್ಲಿ ನನ್ನನ್ನು ಬಿಟ್ಟುಹೋಗುವುದಿಲ್ಲ.

ನಮ್ಮ ಹಿರಿಯರು ಈ ಕಲೆಗೆ ಬೆರಳಚ್ಚು ಎಂದು ಹೆಸರಿಟ್ಟರು. ಇಂಗ್ಲಿಷಿನ ಹೆಸರಿನಲ್ಲಿ ಅಚ್ಚಿನ ಮೊಳೆಯಿದೆ, ಬರೆಹವಿದೆ; ಬೆರಳಿಲ್ಲ. ಕನ್ನಡದ ಹೆಸರು ಬೆರಳಿನಿಂದಲೇ ಆರಂಭವಾಗುತ್ತದೆ. ಆ ಮಹಡಿಯ ಯಂತ್ರಗಳು ಎಂದೋ ಗುಜರಿಗೆ ಸೇರಿರಬೇಕು. ನನ್ನ ಕೈಗಳ ಮೇಲೆ ಟವಲು ಹೊದಿಸಿದ ಮೇಷ್ಟರೂ ಈಗಿಲ್ಲ. ಅವರು ಕಲಿಸಹೊರಟದ್ದನ್ನು ಐವತ್ತು ವರ್ಷ ತಡವಾಗಿ ಕಲಿತೆ ಎಂದು ಹೇಳಲು, ಈ ಭಾಷಣವನ್ನು ಕೀಲಿ ನೋಡದೆಯೇ ಬರೆದು ತಂದಿದ್ದೇನೆ.