ಆತ್ಮ, ಪ್ರಾಣ, ಶರೀರ: ಕನ್ನಡ ಬೈಬಲಿನ ಮೂರು ಮಾತು

ಚಿಕ್ಕಯ್ಯನಛತ್ರದಲ್ಲಾಗಲಿ ನಂಜನಗೂಡಿನಲ್ಲಾಗಲಿ ಯಾರಾದರೂ ತೀರಿಕೊಂಡರೆ ‘ಪ್ರಾಣ ಹೋಯಿತು’ ಎನ್ನುತ್ತೇವೆ. ಶ್ರದ್ಧಾಂಜಲಿ ಫಲಕದಲ್ಲಿ ಮಾತ್ರ ಶಾಂತಿ ಕೋರುವುದು ಆತ್ಮಕ್ಕೆ. ಪ್ರಾಣ, ಆತ್ಮ ಎರಡೂ ಒಂದೆಯೋ ಬೇರೆಯೋ? ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಬೈಬಲನ್ನು ಕನ್ನಡಕ್ಕೆ ತರಲು ಕುಳಿತವರು ಮಾತ್ರ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರ ಮುಂದಾಳುತನದಲ್ಲಿ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಯಿತು. ಮುಂದೆ ಬಾಸೆಲ್ ಮಿಷನ್ನಿನವರು ಅದನ್ನು ತಿದ್ದುವ ಕೆಲಸಕ್ಕೆ ಕೈಹಾಕಿದರು. ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ಐದನೇ ಅಧ್ಯಾಯದಲ್ಲಿ ಪ್ನ್ಯೂಮಾ, ಪ್ಸೂಖೆ, ಸೋಮಾ ಎಂಬ ಮೂರು ಗ್ರೀಕ್ ಪದಗಳು ಒಟ್ಟಿಗೆ ಬರುತ್ತವೆ. ಇಂದು ಪ್ರಾಟೆಸ್ಟೆಂಟರು ಓದುವ ಸತ್ಯವೇದದಲ್ಲಿ ಅವು ಆತ್ಮ, ಪ್ರಾಣ, ಶರೀರ. ಆದರೆ ಮತ್ತಾಯನ ಸುವಾರ್ತೆಗೆ ಬನ್ನಿ. ಅದೇ ಪ್ಸೂಖೆ ಹತ್ತನೇ ಅಧ್ಯಾಯದಲ್ಲಿ ‘ಆತ್ಮ’, ಹದಿನಾರನೆಯದರಲ್ಲಿ ‘ಪ್ರಾಣ’!

ಇದು ಅನುವಾದಕರ ಅಜಾಗ್ರತೆಯಲ್ಲ. ಮೂಲದಲ್ಲೇ ಆ ಪದ ಜೀವ, ಉಸಿರು, ವ್ಯಕ್ತಿ ಎಲ್ಲವೂ ಹೌದು. ಅದರ ಹಿಂದೆ ಇರುವ ಹೀಬ್ರೂ ‘ನೆಫೆಶ್’ಗಂತೂ ಗಂಟಲು ಎಂಬ ಅರ್ಥವೂ ಉಂಟು. ಆದಿಕಾಂಡದಲ್ಲಿ ದೇವರು ಮಣ್ಣಿನ ಮನುಷ್ಯನಿಗೆ ಉಸಿರು ಊದುತ್ತಾನೆ. ಆಗ ಮನುಷ್ಯನೊಳಗೆ ನೆಫೆಶ್ ಬಂದು ಕೂರುವುದಿಲ್ಲ, ಮನುಷ್ಯನೇ ನೆಫೆಶ್ ಆಗುತ್ತಾನೆ. ನಫ್ಸ್, ರೂಹ್ ಎಂಬ ಅರಬಿ ಪದಗಳನ್ನು ಬಲ್ಲ ಓದುಗರಿಗೆ ಹೀಬ್ರೂವಿನ ನೆಫೆಶ್, ರೂಆಖ್ ಅವುಗಳ ಒಡಹುಟ್ಟುಗಳೆಂದು ಬೇರೆ ಹೇಳಬೇಕಿಲ್ಲ.

ನಿಜವಾದ ತೊಡಕು ‘ಆತ್ಮ’ದ್ದು. ವೇದಾಂತದ ಆತ್ಮಕ್ಕೆ ಹುಟ್ಟಿಲ್ಲ, ಸಾವಿಲ್ಲ. ಕ್ರೈಸ್ತರು ಹೇಳುವ ಆತ್ಮವಾದರೋ ದೇವರು ಸೃಷ್ಟಿಸಿದ್ದು. ಅದು ದೇವರ ಅಂಶವಲ್ಲ, ಇನ್ನೊಂದು ದೇಹ ತೊಟ್ಟು ಮರಳಿ ಹುಟ್ಟುವುದೂ ಇಲ್ಲ. ಪದ ಒಂದೇ, ನಂಬಿಕೆ ಬೇರೆ. ಮೈಸೂರು ಸೀಮೆಯಲ್ಲಿ ಎರಡು ದಶಕಕ್ಕೂ ಮಿಕ್ಕಿ ಬಾಳಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ದೇಶಭಾಷೆಗಳ ಬೈಬಲ್ ಅನುವಾದಗಳನ್ನು ಕಟುವಾಗಿ ಟೀಕಿಸಿದ್ದರು. ಅವರ ನಿರಾಶೆ ಅತಿಯಾಯಿತು ಎಂದೇ ನನ್ನ ಎಣಿಕೆ. ಹೊಸ ಪದ ಹುಟ್ಟಿಸಿದ್ದರೆ ಕೇಳುವವರಿಗೆ ಅದು ತಲುಪುತ್ತಿತ್ತೇ? ಮಂಗಳೂರಿನ ಕೊಂಕಣಿ ಕಥೋಲಿಕರು ಪವಿತ್ರಾತ್ಮನಿಗೆ ಪೋರ್ಚುಗೀಸ್ ಮೂಲದ ‘ಸ್ಪಿರಿತಾ ಸಾಂತಾ’ ಎಂಬುದನ್ನೇ ಬಹುಕಾಲ ಬಳಸಿದರು. ಅದರಲ್ಲಿ ಗೊಂದಲವಿರಲಿಲ್ಲ, ಆದರೆ ಅದು ಮನೆಯ ಮಾತೂ ಆಗಿರಲಿಲ್ಲ.

ಮನುಷ್ಯ ಎರಡು ಭಾಗವೋ ಮೂರೋ ಎಂಬ ಜಗಳ ಚರ್ಚಿನೊಳಗೂ ಹಳೆಯದು. ಕ್ರಿಸ್ತನಲ್ಲಿ ಮಾನವ ಬುದ್ಧಿಯ ಜಾಗದಲ್ಲಿ ದೈವೀ ವಾಕ್ಯವೇ ಇತ್ತೆಂದು ಕಲಿಸಿದ ಅಪೊಲಿನಾರಿಸನ ವಾದವನ್ನು 381ರ ಕಾನ್‌ಸ್ಟಾಂಟಿನೋಪಲ್ ಸಭೆ ತಳ್ಳಿಹಾಕಿತು. 1312ರಲ್ಲಿ ವಿಯೆನ್ ಸಭೆ ಆತ್ಮವೇ ದೇಹದ ರೂಪತತ್ವ ಎಂದಿತು. ಅಂದರೆ ದೇಹ ಸೆರೆಮನೆಯಲ್ಲ, ಬಿಸಾಡುವ ಚೀಲವೂ ಅಲ್ಲ. ಅದು ಕಡೆಯ ದಿನ ಮರಳಿ ಏಳಬೇಕಾದದ್ದು. ಹೂಳುವ ಪದ್ಧತಿಯನ್ನು ಕ್ರೈಸ್ತರು ಇಷ್ಟು ಹಿಡಿದುಕೊಂಡದ್ದು ಇದಕ್ಕೇ. 1963ರಲ್ಲಿ ಕಥೋಲಿಕ ಚರ್ಚು ದಹನಕ್ಕೆ ಒಪ್ಪಿಗೆ ಕೊಟ್ಟಿತಾದರೂ ಹೂಳುವುದೇ ಮೇಲೆಂದಿತು. ಸ್ಮಶಾನಕ್ಕೆ ಆದಿ ಕ್ರೈಸ್ತರು ಇಟ್ಟ ಗ್ರೀಕ್ ಹೆಸರು ‘ಕೊಯ್ಮೆತೇರಿಯೊನ್’, ಎಂದರೆ ಮಲಗುವ ಮನೆ.