ವಿದ್ಯಾರ್ಥಿ ಚಿತ್ರ: ಕಲಿಕೆಯ ಕ್ರಮವೂ ಗಡಿನಾಡಿನ ಕನ್ನಡವೂ

2024ರ ಮೇ ತಿಂಗಳಿನಲ್ಲಿ ಫ್ರಾನ್ಸಿನ ಕಾನ್ ಚಲನಚಿತ್ರೋತ್ಸವದ ‘ಲಾ ಸಿನೆಫ್’ ವಿಭಾಗದಲ್ಲಿ ಪ್ರಥಮ ಬಹುಮಾನ ಪಡೆದ ಚಿತ್ರದ ಭಾಷೆ ಕನ್ನಡ. ಅದನ್ನು ನಿರ್ಮಿಸಿದ್ದು ಮಾತ್ರ ಕರ್ನಾಟಕದ ಸಂಸ್ಥೆಯಲ್ಲ. ಪುಣೆಯಲ್ಲಿರುವ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ. ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳು ಮಾಡಿದ ಕಿರುಚಿತ್ರಗಳಿಗೆಂದೇ ಮೀಸಲಾದ ಆ ವಿಭಾಗಕ್ಕೆ ಆ ವರ್ಷ ಜಗತ್ತಿನ ನಾನಾ ಕಡೆಗಳಿಂದ 2,263 ಚಿತ್ರಗಳು ಬಂದಿದ್ದವು. ಸ್ಪರ್ಧೆಗೆ ಆಯ್ಕೆಯಾದವು 18. ಮೈಸೂರಿನ ಚಿದಾನಂದ ಎಸ್. ನಾಯಕ್ ನಿರ್ದೇಶಿಸಿದ ಈ ಚಿತ್ರದ ಅವಧಿ 16 ನಿಮಿಷ. ಹೆಸರು ಇಂಗ್ಲಿಷಿನಲ್ಲಿ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ ಎಂದಿದೆ. ಸೂರ್ಯಕಾಂತಿ ಹೂಗಳಿಗೇ ಮೊದಲು ತಿಳಿಯಿತು ಎಂದು ಅದರ ತಾತ್ಪರ್ಯ. ಕತೆಯಂತೂ ನಮ್ಮ ಮಕ್ಕಳು ಅಜ್ಜಿಯರಿಂದ ಕೇಳುತ್ತ ಬಂದ ಬಗೆಯದು: ಮುದುಕಿಯೊಬ್ಬಳು ಊರಿನ ಕೋಳಿಹುಂಜವನ್ನು ಕದ್ದೊಯ್ಯುತ್ತಾಳೆ, ಕೂಗುವ ಹುಂಜವಿಲ್ಲದೆ ಊರಿಗೆ ಬೆಳಗಾಗುವುದೇ ಇಲ್ಲ.

ಗಡಿಯಾಚೆಯ ಕನ್ನಡಿಗರಾದ ನಮಗೆ ಈ ಸಂಗತಿಯಲ್ಲಿ ಬಹುಮಾನಕ್ಕಿಂತ ಮುಖ್ಯವಾದದ್ದು ಬೇರೊಂದಿದೆ. ಮರಾಠಿ ನಾಡಿನ ನಡುವೆ ಕುಳಿತು ಕನ್ನಡದ ಕತೆಯನ್ನು ಕನ್ನಡದಲ್ಲೇ ಹೇಳಲು ಆ ವಿದ್ಯಾರ್ಥಿಗಳಿಗೆ ಭಾಷೆ ಅಡ್ಡಿಯಾಗಲಿಲ್ಲ. ಕಾಸರಗೋಡು, ತಾಳವಾಡಿ, ಅಕ್ಕಲಕೋಟೆ, ಜತ್ತ, ಮಡಕಶಿರಾ ಮೊದಲಾದೆಡೆ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಮಕ್ಕಳಿಗೂ ಇದೇ ಕಸುಬನ್ನು ಸಣ್ಣ ಪ್ರಮಾಣದಲ್ಲಿ ಕಲಿಸಬಹುದೆಂಬ ಕಾರಣಕ್ಕೆ ವಿದ್ಯಾರ್ಥಿ ಚಿತ್ರವೆಂದರೇನು, ಅದರಿಂದ ಕಲಿಯುವುದೇನು ಎಂಬುದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ವಿದ್ಯಾರ್ಥಿ ಚಿತ್ರ ಎಂದರೆ ಹಣ ಸಾಲದೆ ಚಿಕ್ಕದಾಗಿ ಉಳಿದ ಸಿನಿಮಾ ಅಲ್ಲ. ಅದು ಮಿತಿಗಳನ್ನು ಮೊದಲೇ ಗೊತ್ತುಪಡಿಸಿ ಕೊಟ್ಟ ಪಾಠ. ಮೇಲೆ ಹೇಳಿದ ಚಿತ್ರವು ಪುಣೆಯ ಸಂಸ್ಥೆಯ ಟೆಲಿವಿಷನ್ ವಿಭಾಗದ ಒಂದು ವರ್ಷದ ವ್ಯಾಸಂಗದ ಕೊನೆಯಲ್ಲಿ ಮಾಡಬೇಕಾದ ಸಂಯುಕ್ತ ಅಭ್ಯಾಸವಾಗಿತ್ತು. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಶಬ್ದಗ್ರಹಣ ಎಂಬ ನಾಲ್ಕು ಶಾಖೆಗಳಿಂದ ಒಬ್ಬೊಬ್ಬ ವಿದ್ಯಾರ್ಥಿ ಸೇರಿ ಒಂದೇ ಚಿತ್ರವನ್ನು ಮಾಡುವುದು ಅಲ್ಲಿಯ ಕ್ರಮ. ಚಿತ್ರೀಕರಣಕ್ಕೆ ದೊರೆತದ್ದು ನಾಲ್ಕು ದಿನ. ಹದಿನಾರು ನಿಮಿಷದ ಚಿತ್ರಕ್ಕೆ ನಾಲ್ಕು ದಿನವೆಂದರೆ ದಿನವೊಂದಕ್ಕೆ ಸರಾಸರಿ ನಾಲ್ಕು ನಿಮಿಷದ ಬಳಕೆಯಾಗುವ ದೃಶ್ಯ ಕೈಗೆ ಬರಬೇಕು. ಅದರಲ್ಲೂ ಸೂರ್ಯನೇ ಹುಟ್ಟದ ಕತೆಯಾದುದರಿಂದ ಕತ್ತಲೆಗೆ ಬೆಳಕು ಹಾಕುವ ಕೆಲಸ ಬೇರೆ. ಯಾವ ಷಾಟ್ ಇಲ್ಲದೆಯೂ ಕತೆ ನಿಲ್ಲುತ್ತದೆ ಎಂಬುದನ್ನು ಚಿತ್ರೀಕರಣಕ್ಕೆ ಹೊರಡುವ ಮೊದಲೇ ತೀರ್ಮಾನಿಸದವನು ಇಂಥ ಲೆಕ್ಕದಲ್ಲಿ ಚಿತ್ರವನ್ನು ಮುಗಿಸಲಾರ.

ಈ ದಾರಿಯಲ್ಲಿ ನಡೆದ ಕನ್ನಡಿಗರಲ್ಲಿ ಇವರು ಮೊದಲಿಗರೇನಲ್ಲ. ತೀರ್ಥಹಳ್ಳಿ ಸೀಮೆಯ ಗಿರೀಶ ಕಾಸರವಳ್ಳಿಯವರು ಔಷಧವಿಜ್ಞಾನ ಓದಿದ ಮೇಲೆ ಪುಣೆಯ ಸಂಸ್ಥೆಗೆ ಸೇರಿದರು. ಅಲ್ಲಿ ಅವರು ಡಿಪ್ಲೊಮಾಕ್ಕಾಗಿ ಮಾಡಿದ ‘ಅವಶೇಷ್’ ರಾಷ್ಟ್ರಪ್ರಶಸ್ತಿ ಪಡೆಯಿತು. ಅನಂತರ 1977ರ ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ ಬಂತು. ಚಿದಾನಂದ ನಾಯಕ್ ಅವರೂ ವೈದ್ಯಶಿಕ್ಷಣ ಮುಗಿಸಿ ಈ ಕಡೆಗೆ ತಿರುಗಿದವರು. ಸಿನಿಮಾ ಮನೆತನದಲ್ಲಿ ಹುಟ್ಟಿದವರಿಗಷ್ಟೇ ಈ ಕಸುಬು ಎಂದು ನಂಬಿರುವ ಪೋಷಕರಿಗೆ ಈ ಎರಡು ಉದಾಹರಣೆಗಳು ಸಾಕು.

ಚಲನಚಿತ್ರ ಶಾಲೆಗಳಲ್ಲಿ ವಿದ್ಯಾರ್ಥಿಗೆ ಮೊದಲ ದಿನವೇ ಕತೆ ಹೇಳಲು ಬಿಡುವುದಿಲ್ಲ. ಮೊದಲು ಮಾತಿಲ್ಲದ ಒಂದು ಸಣ್ಣ ಅಭ್ಯಾಸ: ಒಬ್ಬ ವ್ಯಕ್ತಿ ಬಾಗಿಲು ತೆರೆದು ಒಳಬಂದು, ಏನನ್ನೋ ಹುಡುಕಿ, ಸಿಗದೆ ಹೊರಹೋಗುವಷ್ಟನ್ನು ಐದಾರು ಷಾಟ್‌ಗಳಲ್ಲಿ ತೋರಿಸಬೇಕು. ಕೇಳಲು ಸುಲಭ. ಚಿತ್ರಿಸಿ ಜೋಡಿಸಿದಾಗ ಬಲಗೈಯಲ್ಲಿದ್ದ ಕೊಡೆ ಎಡಗೈಗೆ ಬಂದಿರುತ್ತದೆ, ಎಡದಿಂದ ಬಲಕ್ಕೆ ನಡೆಯುತ್ತಿದ್ದವನು ಮುಂದಿನ ಷಾಟ್‌ನಲ್ಲಿ ಮರಳಿ ಬರುತ್ತಿರುವಂತೆ ಕಾಣುತ್ತಾನೆ. ಇದಕ್ಕೆ ಕಾರಣ, ಪಾತ್ರ ಸಾಗುವ ದಿಕ್ಕಿನಲ್ಲಿ ಎಳೆದ ಕಾಲ್ಪನಿಕ ಗೆರೆಯನ್ನು ಕ್ಯಾಮೆರಾ ದಾಟಿರುವುದು. ಗೆರೆಯ ಒಂದೇ ಪಕ್ಕದಲ್ಲಿ ಕ್ಯಾಮೆರಾ ಇರಬೇಕೆಂಬ ನಿಯಮವನ್ನು ಪುಸ್ತಕದಲ್ಲಿ ಹತ್ತು ಸಲ ಓದುವುದಕ್ಕಿಂತ ಹೀಗೆ ಒಮ್ಮೆ ಕಂಡರೆ ಹೆಚ್ಚು ಮನದಟ್ಟಾಗುತ್ತದೆ. ಸಂಭಾಷಣೆ ಬರುವುದು ಇದಾದ ಮೇಲೆ. ನಮ್ಮ ಶಾಲೆಗಳ ಚಿತ್ರಗಳಲ್ಲಿ ಪಾತ್ರಗಳು ಎದುರುಬದುರು ನಿಂತು ನೀತಿಬೋಧೆ ಮಾಡುವುದೇ ಹೆಚ್ಚು. ಮಾತಿಲ್ಲದ ಅಭ್ಯಾಸವನ್ನು ಬಿಟ್ಟು ನೇರವಾಗಿ ನಾಟಕಕ್ಕೆ ಇಳಿದುದರ ಫಲ ಇದೆಂಬುದು ನಮ್ಮ ಅಭಿಪ್ರಾಯ.

ಇನ್ನು ಶಬ್ದದ ವಿಷಯ. ಗಡಿನಾಡಿನ ಚಿತ್ರಕ್ಕೆ ಇದೇ ಜೀವಾಳ. ಅಕ್ಕಲಕೋಟೆಯ ಕನ್ನಡಕ್ಕೆ ವಿಜಯಪುರ, ಕಲಬುರಗಿಯ ಕಡೆಯ ಧಾಟಿಯೊಡನೆ ಮರಾಠಿಯ ಪದಗಳೂ ಸೇರಿರುತ್ತವೆ. ತಾಳವಾಡಿಯ ಮಾತು ಚಾಮರಾಜನಗರದ ಮಾತಿನ ಒಡಹುಟ್ಟು. ಕಾಸರಗೋಡಿನಲ್ಲಿ ಹವ್ಯಕ ಕನ್ನಡವೂ ತುಳು, ಮಲೆಯಾಳಗಳ ನೆರಳಿರುವ ಕನ್ನಡವೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಕಾಗದದ ಮೇಲೆ ಈ ಉಚ್ಚಾರಗಳು ಪೂರ್ತಿ ಉಳಿಯವು, ಧ್ವನಿಯಲ್ಲಿ ಉಳಿಯುತ್ತವೆ. ಆದರೆ ಎಳೆಯರ ತಂಡಗಳು ಚಿತ್ರದ ಅಂದವನ್ನು ನೋಡಿಕೊಳ್ಳುತ್ತವೆಯೇ ಹೊರತು ಧ್ವನಿಯನ್ನು ಗಮನಿಸುವುದಿಲ್ಲ. ಹತ್ತು ಅಡಿ ದೂರದ ಮೊಬೈಲಿನಲ್ಲಿ ಹಿಡಿದ ಅಜ್ಜನ ಮಾತು ಗಾಳಿಯ ಸದ್ದಿನಲ್ಲಿ ಮುಳುಗಿರುತ್ತದೆ.

ಪರಿಹಾರಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಚಿತ್ರಕ್ಕೆ ಒಂದು ಮೊಬೈಲು, ಧ್ವನಿಗೆ ಇನ್ನೊಂದು. ಎರಡನೆಯದು ಮಾತನಾಡುವವರ ಎದೆಯ ಹತ್ತಿರ, ಚೌಕಟ್ಟಿನೊಳಗೆ ಕಾಣದಂತೆ ಇರಲಿ. ಪ್ರತಿ ಷಾಟ್‌ನ ಆರಂಭದಲ್ಲಿ ಕ್ಯಾಮೆರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿದರೆ, ಕೈಗಳು ಕೂಡಿದ ಚಿತ್ರವನ್ನೂ ಆ ಸದ್ದನ್ನೂ ಸಂಕಲನದಲ್ಲಿ ಸರಿಹೊಂದಿಸಲು ಬರುತ್ತದೆ. ಫ್ಯಾನು, ಫ್ರಿಜ್ಜು ಆರಿಸಬೇಕು. ಕೆಲಸ ಮುಗಿದ ಮೇಲೆ ಆ ಜಾಗದ ಮೌನವನ್ನೂ ಒಂದು ನಿಮಿಷ ಮುದ್ರಿಸಿಕೊಳ್ಳಬೇಕು. ಮಾತುಗಳ ನಡುವಿನ ಸಂದಿ ತುಂಬಲು ಅದು ಬೇಕಾಗುತ್ತದೆ. ಕಾಸರಗೋಡಿನ ಕಡೆ ಯಕ್ಷಗಾನದ ಚೌಕಿಯನ್ನು ಕುರಿತು ಸಾಕ್ಷ್ಯಚಿತ್ರ ಮಾಡಹೊರಟವರು ಚೆಂಡೆಯ ವಿಷಯದಲ್ಲಿ ಎಚ್ಚರವಾಗಿರಬೇಕು: ವೇಷ ಕಟ್ಟುವಾಗಿನ ಪಿಸುಮಾತಿಗೆ ಹೊಂದಿಸಿದ ಮೈಕು ಮೊದಲ ಪೆಟ್ಟಿಗೇ ಒಡೆದ ಸದ್ದು ಕೊಡುತ್ತದೆ, ಅದನ್ನು ಆಮೇಲೆ ತಿದ್ದಲು ಬರುವುದಿಲ್ಲ.

ನಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ಒಲಿದ ಕೌಶಲವೊಂದಿದೆ. ಅದು ಸಬ್‌ಟೈಟಲ್ ಬರೆಯುವುದು. ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ಭಾಷೆ ಆಡುವ ಮಗು ಕನ್ನಡದ ಮಾತನ್ನು ಮಲೆಯಾಳಕ್ಕೋ ಮರಾಠಿಗೋ ತಮಿಳಿಗೋ ತೆಲುಗಿಗೋ ಎರಡು ಸಾಲಿನೊಳಗೆ ಇಳಿಸಬಲ್ಲದು. ಪರದೆಯ ಮೇಲೆ ಒಮ್ಮೆಗೆ ಎರಡು ಸಾಲಿಗಿಂತ ಹೆಚ್ಚಿರಬಾರದು, ಮಾತು ಮುಗಿದೊಡನೆ ಸಾಲೂ ಹೋಗಬೇಕು, ಎಲ್ಲ ಪದಗಳನ್ನೂ ತರಲು ಹೊರಡದೆ ಅರ್ಥವನ್ನು ತರಬೇಕು. ನೆರೆಯ ಭಾಷಿಕರು ನಮ್ಮ ಮಾತನ್ನು ಕೇಳುತ್ತಲೇ ಅರ್ಥಮಾಡಿಕೊಳ್ಳುವ ಅವಕಾಶ ಇದರಿಂದ ಒದಗುತ್ತದೆ.

ಕಾಸರಗೋಡಿನ ಕನ್ನಡ ಶಾಲೆಯನ್ನು ನಾಡಿಗೆಲ್ಲ ತೋರಿಸಿದ್ದು 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ರಿಷಬ್ ಶೆಟ್ಟಿ ನಿರ್ದೇಶಿಸಿದ ಆ ಚಿತ್ರ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅದರ ಬಗ್ಗೆ ನಮಗೆ ಅಭಿಮಾನವಿದೆ. ಆದರೂ ಅದು ವೃತ್ತಿಪರರು ಚಿತ್ರಮಂದಿರಕ್ಕಾಗಿ ಮಾಡಿದ ಚಿತ್ರ. ಅದೇ ಶಾಲೆಯ ಜಗಲಿಯ ಮೇಲೆ ಕುಳಿತ ಮಗು ಕ್ಯಾಮೆರಾ ಹಿಡಿದರೆ ಕಾಣುವುದು ಬೇರೆಯೇ ಆಗಬಹುದು. ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ ನಡೆಯುತ್ತಿರುವ ‘ಲಿಟಲ್ ಕೈಟ್ಸ್’ ಘಟಕಗಳಲ್ಲಿ ಅನಿಮೇಷನ್, ಕ್ಯಾಮೆರಾ ಬಳಕೆ ಮೊದಲಾದವುಗಳ ತರಬೇತಿ ಈಗಾಗಲೇ ಇದೆ. ಕನ್ನಡ ಮಾಧ್ಯಮದ ಶಿಕ್ಷಕರು ಇದನ್ನು ಕನ್ನಡದ ಕಿರುಚಿತ್ರಕ್ಕೆ ತಿರುಗಿಸಿಕೊಳ್ಳಬಹುದು. ಮುಂದೆ ವೃತ್ತಿಯಾಗಿ ಓದಬಯಸುವವರಿಗೆ ಪುಣೆಯಲ್ಲದೆ ಕೊಲ್ಕತ್ತದ ಸತ್ಯಜಿತ್ ರಾಯ್ ಸಂಸ್ಥೆ, ಕೇರಳದ ಕೆ. ಆರ್. ನಾರಾಯಣನ್ ಸಂಸ್ಥೆ, ಚೆನ್ನೈ ತರಮಣಿಯ ಎಂ.ಜಿ.ಆರ್. ಸಂಸ್ಥೆ, ಹೆಸರಘಟ್ಟದ ಸರ್ಕಾರಿ ಸಂಸ್ಥೆ ಇವೆ.

ಮೊದಲ ಚಿತ್ರ ಐದು ನಿಮಿಷ ಮೀರದಿರುವುದು ಲೇಸು. ಚಿತ್ರಕತೆಯ ಒಂದು ಪುಟಕ್ಕೆ ಪರದೆಯ ಮೇಲೆ ಸುಮಾರು ಒಂದು ನಿಮಿಷವೆಂಬುದು ರೂಢಿಯ ಲೆಕ್ಕ. ಐದು ಪುಟ, ಎರಡು ಜಾಗ, ಮೂರು ಪಾತ್ರ ಸಾಕು. ಹಿರಿಯರನ್ನು ಚಿತ್ರಿಸುವ ಮೊದಲು ಅವರ ಒಪ್ಪಿಗೆ ಪಡೆಯಬೇಕು, ಮುಗಿದ ಚಿತ್ರವನ್ನು ಮೊದಲು ಅವರಿಗೇ ತೋರಿಸಬೇಕು. ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕಿದರೆ ಹಕ್ಕಿನ ತೊಡಕು ಬರುತ್ತದೆ. ಊರಿನ ಸೋಬಾನೆಯನ್ನೋ ಭಜನೆಯನ್ನೋ ತಾವೇ ಹಾಡಿಸಿ ಮುದ್ರಿಸಿಕೊಳ್ಳುವುದು ಉತ್ತಮ. ಸಂಕಲನದಲ್ಲಿ ಕೈಬಿಟ್ಟ ಧ್ವನಿಯನ್ನು ಅಳಿಸಬಾರದು. ಆಡಿದವರ ಹೆಸರು, ವಯಸ್ಸು, ಊರು, ದಿನಾಂಕ ಬರೆದು ಎರಡು ಬೇರೆ ಬೇರೆ ಜಾಗಗಳಲ್ಲಿ, ಒಂದು ಪ್ರತಿ ಶಾಲೆಯಲ್ಲೂ ಇನ್ನೊಂದು ಊರಿನ ಕನ್ನಡ ಸಂಘದಲ್ಲೂ ಇರುವಂತೆ, ಕಾಪಿಡಬೇಕು.